ಹುಳದ ಮನೆಯಲ್ಲಿ ಕೂಗಬಾರದು

ನಮ್ಮ ಕರಾಟೆ ಕ್ಲಾಸಿನಲ್ಲಿ ಇದುವರೆಗೆ ಯಾರ ಕೈಕಾಲೂ ಮುರಿದಿಲ್ಲ. ಮಾನ ಹೋಗಿರುವುದಕ್ಕೆ ಮಾತ್ರ ಲೆಕ್ಕವಿಲ್ಲ. ವಾರಕ್ಕೊಂದಾದರೂ ಎಡವಟ್ಟು ಆಗಲೇಬೇಕು. ಆಗದಿದ್ದರೆ "ಏನ್ ಮೇಡಂ, ಈ ವಾರ ಏನೂ ಆಗ್ಲೇ ಇಲ್ವಲ್ಲ" ಎಂದು ನನ್ನ ಶಿಷ್ಯೆಯರೇ ಬೇಜಾರು ಮಾಡಿಕೊಳ್ಳುತ್ತಾರೆ.

ನಾನು ಕೋಲಾರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಹಗಲೆಲ್ಲ ಮಕ್ಕಳ ಮೇಲೆ ಕೂಗಾಡಿ, ಸಂಜೆ ಬಸ್ಸು ಹತ್ತಿ ಸುಗಟೂರಿಗೆ ಬರುತ್ತೇನೆ. ಅದು ನನ್ನ ಗಂಡನ ಊರು. ಅಲ್ಲಿ ಹೆಂಗಸರಿಗೆ ಕರಾಟೆ ಹೇಳಿಕೊಡುತ್ತೇನೆ. ಕರಾಟೆ ಅರ್ಧ, ಕಸರತ್ತು ಅರ್ಧ. ಕೈ ಬೀಸುವುದು ಕಲಿತರೆ ಸಾಲದು, ಬೀಸುವ ಕೈಯಲ್ಲಿ ಕಸುವೂ ಇರಬೇಕು ಎನ್ನುವುದು ನನ್ನ ಹಟ. ಆದ್ದರಿಂದ ಮೊದಲು ಬಸ್ಕಿ, ದಂಡ, ಭಾರ ಎತ್ತುವುದು. ಆಮೇಲೆ ಗುದ್ದುವುದು, ಒದೆಯುವುದು. ಬರುವವರು ಬೇಕಾದಷ್ಟು ಜನ, ಹೋಗುವವರೂ ಅಷ್ಟೇ ಜನ. ಬಿಡದೆ ಅಂಟಿಕೊಂಡವರು ಮೂವರು: ಮಹಿಳಾ ಡೈರಿಯ ಸೆಕ್ರೆಟರಿ, ಅಂಗನವಾಡಿ ಟೀಚರ್, ಮತ್ತೆ ಡಿಗ್ರಿ ಓದುವ ಒಬ್ಬ ಕಾಲೇಜು ಹುಡುಗಿ.

ಇವರೆಲ್ಲರ ಮೇಲೆ ಒಬ್ಬರಿದ್ದಾರೆ. ನಮ್ಮತ್ತೆ. ಅವರ ಕೃಪೆ ಇದ್ದರೆ ಕ್ಲಾಸು, ಇಲ್ಲದಿದ್ದರೆ ಇಲ್ಲ.

ಹೊಸ್ತಿಲು

ಕ್ಲಾಸು ಶುರು ಮಾಡಬೇಕು ಅಂದುಕೊಂಡಾಗ ಊರಲ್ಲಿ ಜಾಗವೇ ಇರಲಿಲ್ಲ. ಶಾಲೆ ಬಯಲಲ್ಲಿ ಹುಡುಗರ ಕ್ರಿಕೆಟ್ಟು, ಅರಳೀಕಟ್ಟೆ ಮೇಲೆ ಗಂಡಸರ ಇಸ್ಪೀಟು. ಅವರೆದುರು ಕಾಲೆತ್ತಿ ಒದೆಯಲು ಯಾವ ಹೆಂಗಸು ಬರುತ್ತಾಳೆ? ಉಳಿದಿದ್ದು ಅತ್ತೆಯ ಹುಳದ ಮನೆ. ರೇಷ್ಮೆ ಹುಳ ಸಾಕಲೆಂದೇ ಕಟ್ಟಿಸಿದ ಉದ್ದನೆಯ ಮನೆ ಅದು. ಹಿಂದಿನ ಭಾಗದಲ್ಲಿ ಸ್ಟ್ಯಾಂಡುಗಳ ಮೇಲೆ ಹುಳಗಳು, ಮುಂದೆ ಹಿಪ್ಪುನೇರಳೆ ಸೊಪ್ಪು ರಾಶಿ ಹಾಕಲು ಒಂದು ದೊಡ್ಡ ಹಜಾರ, ನಡುವೆ ಸೊಳ್ಳೆಪರದೆ ಬಡಿದ ಬಾಗಿಲು.

ಹಜಾರ ಕೇಳಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ಒದಿಯೋ ಕ್ಲಾಸಿಗೆ ನನ್ನ ಹಜಾರ ಬೇಕಾ?"

"ಸಂಜೆ ಒಂದು ಗಂಟೆ ಅಷ್ಟೇ ಅತ್ತೆ."

"ಕೊಡ್ತೀನಿ. ಮೂರು ಮಾತು ನೆನಪಿಟ್ಕೋ. ಹೊಸ್ತಿಲು ದಾಟೋಕೆ ಮೊದಲು ಬ್ಲೀಚಿಂಗ್ ನೀರಲ್ಲಿ ಕಾಲು ಅದ್ಬೇಕು. ಸೆಂಟು, ಪೌಡ್ರು, ಎಣ್ಣೆ ಅಂತ ಯಾವ ವಾಸ್ನೇನೂ ಒಳಗೆ ಬರ್ಬಾರ್ದು. ಮತ್ತೆ ಕೂಗ್ಬಾರ್ದು. ಹುಳ ಬೆದರಿದ್ರೆ ಸೊಪ್ಪು ತಿನ್ನಲ್ಲ, ಸೊಪ್ಪು ತಿನ್ನದಿದ್ರೆ ಗೂಡು ಕಟ್ಟಲ್ಲ, ಗೂಡು ಕಟ್ಟದಿದ್ರೆ ನಾನು ನಿನ್ನ ಕಟ್ಟಿಹಾಕ್ತೀನಿ. ಮೂರರಲ್ಲಿ ಒಂದು ತಪ್ಪಿದ್ರೂ ಹಜಾರ ಖಾಲಿ ಮಾಡಿಸಿ ಅಲ್ಲೂ ಸ್ಟ್ಯಾಂಡು ಹಾಕಿಸ್ತೀನಿ."

ಸದ್ದಿಗೆ ಹುಳ ಬೆದರುವುದಿಲ್ಲ ಎಂದು ರೇಷ್ಮೆ ಇಲಾಖೆಯವರೊಬ್ಬರು ನನಗೆ ಹೇಳಿದ್ದರು. ಅದನ್ನು ಅತ್ತೆಗೆ ಹೇಳುವ ಧೈರ್ಯ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಬ್ಲ್ಯಾಕ್ ಬೆಲ್ಟು ಎದುರಾಳಿಯ ಮುಂದೆ ಕೆಲಸಕ್ಕೆ ಬರುತ್ತದೆ, ಅತ್ತೆಯ ಮುಂದೆ ಅದೊಂದು ಲಾಡಿ.

ಕಾಲು ಅದ್ದುವುದು ಎಲ್ಲರಿಗೂ ಬೇಗ ರೂಢಿಯಾಯಿತು. ಎಷ್ಟು ರೂಢಿ ಎಂದರೆ, ಅಂಗನವಾಡಿ ಟೀಚರ್ ಒಮ್ಮೆ ಮೀಟಿಂಗಿಗೆಂದು ಕೋಲಾರದ ಆಫೀಸಿಗೆ ಹೋಗಿದ್ದಾರೆ. ನೆಲ ಒರೆಸುವವಳು ಬಾಗಿಲ ಬಳಿ ಫಿನಾಯಿಲ್ ನೀರಿನ ಅಗಲವಾದ ಬಕೆಟ್ಟು ಇಟ್ಟು ಪಕ್ಕಕ್ಕೆ ಹೋಗಿದ್ದಾಳೆ. ಇವರು ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ ಹಿಡಿದು, ಎರಡೂ ಕಾಲು ಬಕೆಟ್ಟಿನಲ್ಲಿ ಅದ್ದಿ, ಒದ್ದೆ ಹೆಜ್ಜೆ ಇಡುತ್ತಾ ಗಂಭೀರವಾಗಿ ಒಳಗೆ ನಡೆದಿದ್ದಾರೆ.

"ಏನಮ್ಮಾ ಇದು, ಒರೆಸೋ ನೀರಲ್ಲಿ ಕಾಲಿಡ್ತೀರಾ?" ಎಂದು ಅವಳು ಓಡಿಬಂದರೆ, ಇವರು ಇನ್ನೂ ಗಂಭೀರವಾಗಿ, ಒಳಗೆ ಕೂತಿದ್ದವರಿಗೆಲ್ಲ ಕೇಳುವಂತೆ, "ಯಾಕೆ, ಇಲ್ಲಿ ಒಳಗೆ ಹುಳ ಇಲ್ವಾ?" ಎಂದು ಕೇಳಿದರಂತೆ.

ಆಫೀಸಿನವರೆಲ್ಲ ಒಟ್ಟಿಗೆ ತಲೆ ಎತ್ತಿ ನೋಡಿದರಂತೆ.

ವಾಸನೆ

ಬಸ್ಕಿ ಹೊಡೆದು ರೂಢಿಯಿಲ್ಲದವರಿಗೆ ಮೊದಲ ದಿನ ಏನೂ ಆಗುವುದಿಲ್ಲ. ಮಾರನೆಯ ಬೆಳಗ್ಗೆ ಮಂಚದಿಂದ ಇಳಿಯುವಾಗ ತೊಡೆಗಳು ತಮ್ಮ ಅಭಿಪ್ರಾಯ ತಿಳಿಸುತ್ತವೆ. ಡೈರಿ ಸೆಕ್ರೆಟರಿಗೆ ಹಾಗೇ ಆಯಿತು. ಸಂಜೆ ಕ್ಲಾಸಿಗೆ ವಾಸನೆ ತರಬಾರದು, ಸಂಜೆ ಹೊತ್ತಿಗೆ ಹಾರಿಹೋಗಲಿ ಎಂದು ಅವರು ಬೆಳಗ್ಗೆ ಎದ್ದವರೇ ನೋವಿನ ಮುಲಾಮನ್ನು ಹೆಗಲಿನಿಂದ ಹಿಮ್ಮಡಿವರೆಗೆ ಬಳಿದುಕೊಂಡರು. ನೆಗಡಿಯೂ ಇತ್ತೆಂದು ಮೂಗಿನ ಕೆಳಗೂ ಒಂದಿಷ್ಟು. ಹಾಗೇ ಡೈರಿಗೆ ಹೋಗಿ ಹಾಲು ಹಾಕಿಸಿಕೊಳ್ಳಲು ಕೂತರು.

ಕೆಟ್ಟ ಹಾಲು ಬರದಿರಲೆಂದು ಪ್ರತಿ ಕ್ಯಾನನ್ನೂ ಮೂಸಿ ನೋಡುವುದು ಅವರ ಪದ್ಧತಿ. ಮೊದಲ ಕ್ಯಾನಿಗೆ ಮೂಗಿಟ್ಟರು. ಹುಬ್ಬು ಗಂಟಾಯಿತು.

"ಇದೇನಮ್ಮಾ, ನಿಮ್ಮ ಹಸು ನೀಲಗಿರಿ ಸೊಪ್ಪು ತಿಂದಿದೆಯಾ?"

"ನೀಲಗಿರೀನಾ? ಯಾವ ಹಸು ತಿನ್ನುತ್ತೆ ಅದನ್ನ?"

"ನಂಗೇನ್ ಗೊತ್ತು, ವಾಸ್ನೆ ಹೊಡೀತಿದೆ. ಪಕ್ಕಕ್ಕಿಡಿ."

ಎರಡನೆಯ ಕ್ಯಾನಿಗೂ ನೀಲಗಿರಿ, ಮೂರನೆಯದಕ್ಕೂ ನೀಲಗಿರಿ. ಸಾಲು ಬಾಗಿಲಾಚೆ ಬೆಳೆಯಿತು. "ನಮ್ಮ ಹಸು ಕಟ್ಟಿದ ಗೂಟ ಬಿಟ್ಟು ಕದ್ಲಿಲ್ಲ ಕಣಮ್ಮ" ಎಂದು ಒಬ್ಬರು, "ನಮ್ಮದು ಸೀಮೆಹುಲ್ಲು ಬಿಟ್ಟು ಇನ್ನೊಂದು ಮುಟ್ಟಲ್ಲ" ಎಂದು ಇನ್ನೊಬ್ಬರು. ಸೆಕ್ರೆಟರಿಗೂ ತಲೆ ಕೆಟ್ಟಿತು. ಊರ ದನಗಳೆಲ್ಲ ಒಗ್ಗಟ್ಟಾಗಿ ತೋಪಿಗೆ ನುಗ್ಗಿವೆ ಎಂದೇ ಅವರ ತೀರ್ಮಾನ.

ಆಗ ನಮ್ಮತ್ತೆ ತಮ್ಮ ಕ್ಯಾನು ಹಿಡಿದು ಬಂದರು. ಹುಳ ಸಾಕಿ ಸಾಕಿ ಅವರ ಮೂಗು ಬಹಳ ಚುರುಕು. ಅವರು ಕ್ಯಾನನ್ನು ಮೂಸಲಿಲ್ಲ. ಸೀದಾ ಸೆಕ್ರೆಟರಿಯ ಕುತ್ತಿಗೆಯ ಹತ್ತಿರ ಬಗ್ಗಿ ಒಂದು ಸಲ ಮೂಸಿದರು.

"ಹಸು ಅಲ್ಲ ಕಣೇ, ನೀಲಗಿರಿ ತಿಂದಿರೋಳು ನೀನು!"

ಸಂಜೆಗೂ ವಾಸನೆ ಹೋಗಲಿಲ್ಲ. ಹಜಾರ ಖಾಲಿ ಮಾಡಿಸುತ್ತೇನೆಂದು ಹೊರಟ ಅತ್ತೆಯ ಕಾಲು ಹಿಡಿದಂತೆ ಮಾಡಿ, ಸೆಕ್ರೆಟರಿಯನ್ನು ಕಿಟಕಿಯ ಆಚೆ ನಿಲ್ಲಿಸಿ ಪಾಠ ಮಾಡಿದೆ. ಪಾಪ, ಅಲ್ಲಿಂದಲೇ ಇಣುಕಿ ನೋಡಿಕೊಂಡು ಗಾಳಿಗೆ ಗುದ್ದಿದರು. ಪಕ್ಕದಲ್ಲಿ ಕಟ್ಟಿದ್ದ ನಮ್ಮ ಹಸು ಹಗ್ಗ ಎಳೆದಷ್ಟು ದೂರ ಸರಿದು, ಮುಖ ಆಚೆ ತಿರುಗಿಸಿಕೊಂಡು ನಿಂತಿತ್ತು.

ಭಾರ

ಪಟ್ಟಣದ ಜಿಮ್ಮುಗಳಲ್ಲಿ ಭಾರ ಎತ್ತಲು ಕಬ್ಬಿಣದ ತಟ್ಟೆಗಳಿರುತ್ತವೆ. ನಮ್ಮಲ್ಲಿ ಟೊಮ್ಯಾಟೊ ಕ್ರೇಟುಗಳಿವೆ. ಕ್ರೇಟಿನೊಳಗೆ ಗೋಣಿ ಹಾಸಿ, ಮರಳು ತುಂಬಿ, ಮೇಲೊಂದು ಗೋಣಿ ಹೊದಿಸಿ ಹಗ್ಗ ಬಿಗಿದರೆ ಅದಕ್ಕಿಂತ ಒಳ್ಳೆಯ ಭಾರ ಬೇಡ. ಅಂಥವು ಐದಾರು ಮಾಡಿ ಹಜಾರದ ಮೂಲೆಯಲ್ಲಿ ಇಟ್ಟಿದ್ದೆ.

ಒಂದು ದಿನ ನಮ್ಮೆಜಮಾನರು ಟೊಮ್ಯಾಟೊ ಕೊಯ್ಲು ಮಾಡಿಸಿದ್ದರು. ಮಳೆ ಹನಿಯುತ್ತಿತ್ತೆಂದು ಕ್ರೇಟುಗಳಿಗೆ ಗೋಣಿ ಹೊದಿಸಿ ಅದೇ ಹಜಾರದಲ್ಲಿ ಇಟ್ಟರು. ಬೆಳಗಾಗುತ್ತಲೇ ಅವಸರದಲ್ಲಿ ಟೆಂಪೋಗೆ ತುಂಬಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೊರಟುಹೋದರು. ಅವತ್ತು ನನಗೆ ಶಾಲೆ ರಜೆ. ಆದ್ದರಿಂದ ಬೆಳಗ್ಗೆಯೇ ಕ್ಲಾಸು ಇಟ್ಟಿದ್ದೆ.

ಅಂಗನವಾಡಿ ಟೀಚರ್ ಮೊದಲ ಕ್ರೇಟು ಎತ್ತಿದರು. ಎದೆವರೆಗೆ ತರಲು ಒದ್ದಾಡುತ್ತಿದ್ದವರು ಅವತ್ತು ಸಲೀಸಾಗಿ ತಲೆಯ ಮೇಲೆ ಎತ್ತಿ ನಿಂತುಬಿಟ್ಟರು.

"ಮೇಡಂ! ಹೂವಿನಂಗಿದೆ!"

ಸೆಕ್ರೆಟರಿಯೂ ಎತ್ತಿದರು, ಕಾಲೇಜು ಹುಡುಗಿ ಒಂದರ ಮೇಲೊಂದು ಎರಡು ಎತ್ತಿದಳು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿಬಂತು. ಮೂವರನ್ನೂ ಸಾಲಾಗಿ ನಿಲ್ಲಿಸಿ ಒಂದು ಭಾಷಣವನ್ನೇ ಮಾಡಿದೆ. "ನೋಡಿದ್ರಾ, ದಿನಾ ಬಿಡದೆ ಮಾಡಿದ್ದಕ್ಕೆ ಇದು ಫಲ. ಇದು ಮಾಂಸಖಂಡದ ಮಾತಲ್ಲ, ಮನಸ್ಸಿನ ಮಾತು" ಎಂದೆಲ್ಲ ಹೇಳಿದೆ. ಅವರೂ ಹುರುಪಿನಲ್ಲಿ ಎತ್ತಿದ್ದನ್ನೆಲ್ಲ ಧೊಪ್ಪೆಂದು ಎಸೆದು ಮತ್ತೆ ಎತ್ತಿದರು, ಮತ್ತೆ ಎಸೆದರು. ನಾನೂ ತಡೆಯಲಿಲ್ಲ.

ಕಾಲೇಜು ಹುಡುಗಿ ಇದ್ದಕ್ಕಿದ್ದಂತೆ ಹಿಂದೆ ಸರಿದಳು. "ಮೇಡಂ, ಮರಳಿಂದ ರಕ್ತ ಬರ್ತಿದೆ!"

ಅದೇ ಹೊತ್ತಿಗೆ ಮಾರ್ಕೆಟ್ಟಿನಿಂದ ನಮ್ಮೆಜಮಾನರ ಫೋನು. ಮಂಡಿಯವರು ಗೋಣಿ ಬಿಚ್ಚಿ ನೋಡಿ, "ಏನಪ್ಪಾ, ಟೊಮ್ಯಾಟೊ ಜೊತೆ ಕೆರೇನೂ ಬಗೆದು ತಂದುಬಿಟ್ಟಿದ್ದೀಯಲ್ಲ" ಎಂದು ಎಲ್ಲರೆದುರು ಕೇಳಿದರಂತೆ.

ಊರಿಗೆಲ್ಲ ಆ ವಾರ ಟೊಮ್ಯಾಟೊ ಗೊಜ್ಜು. ಅತ್ತೆ ವೆಲ್ಡಿಂಗಿನವನನ್ನು ಕರೆಸಿ, ನನ್ನ ಕಣ್ಣೆದುರೇ ಸ್ಟ್ಯಾಂಡಿಗೆಂದು ಹಜಾರದ ಉದ್ದಗಲ ಅಳತೆ ತೆಗೆಸಿದರು. ನನಗೆ ನಿಜಕ್ಕೂ ಸಂಕಟವಾಯಿತು. ಆ ಹಜಾರ ಹೋದರೆ ಈ ಹೆಂಗಸರು ಬೇರೆಲ್ಲಿಗೂ ಬರುವವರಲ್ಲ. ಸಂಜೆ ಹೊತ್ತು ಕೋಲಾರಕ್ಕೆ ಹೋಗಿ ಒದ್ದು ಬರ್ತೀನಿ ಅಂದರೆ ಯಾರ ಮನೆಯಲ್ಲಿ ಕಳಿಸುತ್ತಾರೆ? ದಿನದಲ್ಲಿ ಅವರು ಯಾರಿಗೂ ಅಡುಗೆ ಮಾಡದೆ, ಯಾರ ಮಾತಿಗೂ ತಲೆಯಾಡಿಸದೆ ಇರುವುದು ಅದೊಂದು ಗಂಟೆ.

ಮರಳಿನ ಕ್ರೇಟುಗಳು ಮಾರನೆಯ ದಿನ ವಾಪಸು ಬಂದವು. ಸಂಜೆ ಅಂಗನವಾಡಿ ಟೀಚರ್ ಒಂದನ್ನು ಎತ್ತಲು ಹೋದರು. ಅದು ಅಲ್ಲಾಡಲಿಲ್ಲ. ಅವರ ಮುಖ ಸಪ್ಪಗಾಯಿತು.

"ನಿನ್ನೆ ಒಂದು ದಿನ ಸುಮ್ನೆ ಖುಷಿಯಾಗಿದ್ದೆ. ನಿಜ ಹೇಳ್ಳೇಬೇಕಿತ್ತಾ ಮೇಡಂ?"

ಬಸ್ಕಿ

ಅತ್ತೆಯ ಮನಸ್ಸು ಕರಗಿಸಲು ದಾರಿ ಹುಡುಕುತ್ತಿದ್ದೆ. ಅತ್ತೆಗೆ ಕುರುಡುಮಲೆ ಗಣಪತಿ ಎಂದರೆ ಪ್ರಾಣ. ಒಂದು ಭಾನುವಾರ ಅವರನ್ನೂ ನನ್ನ ಮೂವರನ್ನೂ ಕರೆದುಕೊಂಡು ಮುಳಬಾಗಿಲು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಶಿಷ್ಯೆಯರಿಗೆ ಹೇಳಿದ್ದು ಒಂದೇ ಮಾತು: ಅತ್ತೆಯ ಎದುರು ಭಯಭಕ್ತಿಯಿಂದ ಇರಿ.

ಆ ಗಣಪತಿ ನೋಡಿದವರಿಗೆ ಗೊತ್ತು, ಎದುರು ನಿಂತರೆ ತಲೆ ಎತ್ತಿಯೇ ನೋಡಬೇಕು. ಕೈಮುಗಿದು, ಎಲ್ಲರಂತೆ ಕಿವಿ ಹಿಡಿದು ಬಸ್ಕಿ ಹಾಕುವುದಕ್ಕೆ ಶುರು ಮಾಡಿದೆವು. ನಾನು ಮೂರು ಹಾಕಿ ಕಣ್ಣು ಮುಚ್ಚಿ ನಿಂತೆ. "ಅಪ್ಪಾ, ಆ ವೆಲ್ಡಿಂಗಿನವನಿಗೆ ಬೇರೆ ಊರಲ್ಲಿ ದೊಡ್ಡ ಕೆಲಸ ಕೊಡು. ನಮ್ಮ ಹಜಾರ ಉಳಿಸು" ಎಂದು ಬೇಡಿಕೊಂಡೆ. ಬೇಡುವುದು ಬಹಳ ಇತ್ತು, ಸ್ವಲ್ಪ ಹೊತ್ತು ಹಿಡಿಯಿತು.

ಕಣ್ಣು ಬಿಟ್ಟರೆ ಸುತ್ತಲೂ ಜನ ನೆರೆದಿದ್ದಾರೆ. ನಡುವೆ ನನ್ನ ಮೂವರು ಸಾಲಾಗಿ, ಬೆನ್ನು ನೆಟ್ಟಗೆ, ಒಂದೇ ತಾಳದಲ್ಲಿ ಬಸ್ಕಿ ಹೊಡೆಯುತ್ತಲೇ ಇದ್ದಾರೆ. ನಾನು "ನಿಲ್ಲಿ" ಎನ್ನುವವರೆಗೆ ನಿಲ್ಲಿಸಬಾರದು ಎಂಬುದು ಕ್ಲಾಸಿನ ನಿಯಮ. ನಾನು ಹೇಳಿರಲಿಲ್ಲ. ಮುಖ ಕೆಂಪಾಗಿದೆ, ಬೆವರು ಇಳಿಯುತ್ತಿದೆ. ಒಬ್ಬ ಅಜ್ಜಿ ಪಾಪ ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ಪೂಜಾರಿಗಳು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರು. "ಏನಮ್ಮಾ ಇದು? ಇಷ್ಟೊಂದು ಬಸ್ಕಿ ಹಾಕೋವಂಥ ತಪ್ಪು ಏನು ಮಾಡಿದಾರೆ ಈ ಹೆಣ್ಮಕ್ಕಳು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಅಡ್ಡ ಹಿಡಿದರು.

"ನನ್ನ ಟೊಮ್ಯಾಟೊ ಹಾಳು ಮಾಡವ್ರೆ ಸ್ವಾಮಿ. ಹಾಕ್ಲಿ ಬಿಡಿ."

ಬಾಯಿ

ಕರಾಟೆಯಲ್ಲಿ ಕೂಗು ಬಹಳ ಮುಖ್ಯ. ಗುದ್ದುವ ಕ್ಷಣಕ್ಕೆ ಹೊಟ್ಟೆ ಬಿಗಿಹಿಡಿದು ಒಳಗಿನ ಉಸಿರನ್ನೆಲ್ಲ ಒಂದೇ ಸಲ ಕೂಗಾಗಿ ಹೊರಗೆ ಹಾಕಬೇಕು. ಆಗಲೇ ಏಟಿಗೆ ಬಲ. ಹುಳದ ಮನೆಯಲ್ಲಿ ಅದನ್ನು ಕಲಿಸುವುದು ಹೇಗೆ? ಅದರಲ್ಲೂ ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ತಿನ್ನದೆ ಅಲ್ಲಾಡದೆ ತಲೆ ಎತ್ತಿ ಮಲಗಿರುವಾಗ, ಅತ್ತೆ ನಮ್ಮನ್ನು ಕೆಮ್ಮಲೂ ಬಿಡುತ್ತಿರಲಿಲ್ಲ.

ಅದಕ್ಕೆ ನಾನೊಂದು ಉಪಾಯ ಮಾಡಿದೆ. ಎಲ್ಲ ಮಾಡಿ, ಸದ್ದು ಮಾತ್ರ ಬಿಡಿ. ಬಾಯಿ ಅಗಲವಾಗಿ ತೆರೆಯಿರಿ, ಕಣ್ಣು ಕೆಂಡವಾಗಲಿ, ಹೊಟ್ಟೆ ಬಿಗಿಯಾಗಲಿ, ಉಸಿರು ಹೊರಗೆ ಹೋಗಲಿ, ಗಂಟಲು ಸುಮ್ಮನಿರಲಿ. ಅದನ್ನೇ ದಿನವೂ ಅಭ್ಯಾಸ ಮಾಡಿದೆವು. ಕ್ಲಾಸಿನಲ್ಲಿ ಮಾತೂ ಹಾಗೇ ಆಯಿತು. "ನೀರು ಕೊಡಿ", "ಕಾಲು ನೋಯ್ತಿದೆ", "ಅತ್ತೆ ಬಂದ್ರು" ಎಲ್ಲವೂ ಬರೀ ತುಟಿಯಲ್ಲೇ. ಬರುಬರುತ್ತಾ ಒಬ್ಬರ ತುಟಿ ಇನ್ನೊಬ್ಬರಿಗೆ ಪುಸ್ತಕ ಓದಿದಷ್ಟು ಸಲೀಸಾಯಿತು.

ಹುಳದ ಮರಿ ತಂದುಕೊಡುವ ಟೆಂಪೋದವನು ಒಂದು ಸಂಜೆ ಹೇಳದೆ ಬಂದ. ಯಾರೂ ಇಲ್ಲವೇನೋ ಎಂದು ಹಜಾರದ ಕಿಟಕಿಯಲ್ಲಿ ಇಣುಕಿದ. ಸರಿಯಾಗಿ ಆಗಲೇ ಮೂವರೂ ಕಿಟಕಿಯ ಕಡೆ ಹಾರಿ ತಿರುಗಿ, ಮುಷ್ಟಿ ಮುಂದಕ್ಕೆ ಚಾಚಿ, ಪ್ರಾಣ ಹೋಗುವಂತೆ ಬಾಯಿ ತೆರೆದರು. ಸದ್ದಿಲ್ಲ.

ಅವನು ಹೆದರಿ ಮನೆಯ ಕಡೆ ಹೋದ. ನಾನು ಹಿಂದೆಯೇ ಹೋಗಿ ನೋಡಿದರೆ ಅತ್ತೆಯ ಎದುರು ನಿಂತು ಕಿವಿಗೆ ಬೆರಳು ಹಾಕಿ ಗಡಗಡ ಅಲ್ಲಾಡಿಸಿಕೊಳ್ಳುತ್ತಿದ್ದಾನೆ.

"ಅಮ್ಮಾ, ಇಲ್ಲಿ ಹತ್ರದಲ್ಲಿ ಕಿವಿ ಡಾಕ್ಟ್ರು ಯಾರಾದ್ರೂ ಇದಾರಾ?"

ಕೋಲಾರದ ಪಂದ್ಯ

ಕೋಲಾರದ ಒಂದು ಕಲ್ಯಾಣ ಮಂಟಪದಲ್ಲಿ ಕರಾಟೆ ಪಂದ್ಯ ಇಟ್ಟಿದ್ದರು. ಹೆಂಗಸರಿಗೆ ತಂಡ ಕಟಾ ಇತ್ತು. ಕಟಾ ಅಂದರೆ ಎದುರಾಳಿ ಇಲ್ಲದೆ, ಗಾಳಿಯನ್ನೇ ಹೊಡೆದು ತಡೆದು ತಿರುಗುವ ವರಸೆಗಳ ಸಾಲು. ಮೂವರು ಒಟ್ಟಿಗೆ, ಒಂದೇ ಅಳತೆಯಲ್ಲಿ ಮಾಡಬೇಕು. ನನ್ನ ಮೂವರ ಹೆಸರು ಕೊಟ್ಟೆ.

ಆ ಹೊತ್ತಿಗೆ ಅತ್ತೆಯ ಗೂಡು ಮಾರಾಟ ಮುಗಿದಿತ್ತು. ಮುಂದಿನ ಬೆಳೆಗೆ ಮೊದಲು ಸ್ಟ್ಯಾಂಡು ಆಗಬೇಕೆಂದು ಅವರು ತೀರ್ಮಾನಿಸಿದ್ದರು.

"ವೆಲ್ಡಿಂಗಿನವ್ನು ಸೋಮವಾರ ಬರ್ತಾನೆ. ನಿಮ್ಮ ಮರಳು ಗಿರಳು ಎತ್ಕೊಳ್ರಿ."

"ಭಾನುವಾರ ಒಂದು ಸಲ ಬಂದು ನೋಡಿ ಅತ್ತೆ. ಆಮೇಲೆ ನಿಮ್ಮಿಷ್ಟ."

"ನೋಡೋಕೇನು, ಬರ್ತೀನಿ. ನೋಡಿದ್ಮೇಲೂ ಸೋಮವಾರ ಸೋಮವಾರಾನೇ."

ಬಸ್ಸಿನಲ್ಲಿ ಶಿಷ್ಯೆಯರಿಗೆ ಹೇಳಿ ಹೇಳಿ ಇಟ್ಟೆ. ಕಟಾದಲ್ಲಿ ಕೂಗು ಎರಡು ಕಡೆ ಬರುತ್ತದೆ. ಅಲ್ಲಿ ಹುಳ ಇರುವುದಿಲ್ಲ, ಗಂಟಲು ಬಿಚ್ಚಿ ಕೂಗಿ. ಮೂವರೂ ತಲೆಯಾಡಿಸಿದರು. ಮಂಟಪದ ಬಾಗಿಲಲ್ಲಿ ಅತ್ತೆಯೂ ಸೇರಿ ನಾಲ್ವರೂ ಗಕ್ಕನೆ ನಿಂತರು. ಅತ್ತೆ ಅಲ್ಲಿದ್ದ ಸ್ವಯಂಸೇವಕನನ್ನು "ಕಾಲು ಅದ್ದೋ ನೀರೆಲ್ಲಪ್ಪಾ?" ಎಂದು ಕೇಳಿದರು. ಅವನು ಶೌಚಾಲಯದ ದಾರಿ ತೋರಿಸಿದ.

ಒಟ್ಟು ನಾಲ್ಕು ತಂಡ. ಎಲ್ಲರಿಗೂ ಎರಡು ಸುತ್ತು, ಎರಡರ ಅಂಕವೂ ಸೇರಿಸುತ್ತಾರೆ. ಮಾಲೂರಿನವರು ಮೊದಲು ಮಾಡಿದರು. ಅವರ ಕೂಗಿಗೆ ಮಂಟಪದ ಕಿಟಕಿಗಾಜು ಅದುರಿತು. ಶ್ರೀನಿವಾಸಪುರದವರೂ ಕಡಿಮೆ ಇರಲಿಲ್ಲ. ಆಮೇಲೆ ನಮ್ಮವರು. ಹೆಜ್ಜೆ ಚೆನ್ನಾಗಿ ಬಿತ್ತು, ತಿರುವು ಚೆನ್ನಾಗಿತ್ತು, ಮರಳು ಎತ್ತಿದ ತೋಳುಗಳು ನೋಡುವಂತಿದ್ದವು. ಕೂಗುವ ಜಾಗ ಬಂತು. ಮೂವರೂ ಕಣ್ಣು ಕೆಂಡ ಮಾಡಿ, ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದರು.

ಸದ್ದಿಲ್ಲ.

ಎರಡನೆಯ ಜಾಗದಲ್ಲೂ ಅಷ್ಟೇ. ನಡುವೆ ಕೂತಿದ್ದ ತೀರ್ಪುಗಾರರು ಪಕ್ಕದವರ ಮುಖ ನೋಡಿದರು, ಅವರು ಇನ್ನೊಬ್ಬರ ಮುಖ ನೋಡಿದರು. ಅಂಕಗಳು ನೆಲ ಹಿಡಿದವು. ಸೆಕ್ರೆಟರಿ ಏದುಸಿರು ಬಿಡುತ್ತಾ ಬಂದು, "ಕೂಗಿದ್ನಲ್ಲ ಮೇಡಂ! ದೇವ್ರಾಣೆ ಕೂಗಿದೀನಿ ಅನ್ಕೊಂಡೆ" ಎಂದರು. ನನಗೆ ಅಳು ಬರುವುದೊಂದು ಬಾಕಿ.

ಅತ್ತೆ ತಮ್ಮ ಕುರ್ಚಿಯಿಂದ ಎದ್ದು ಬಂದರು. "ಆ ಮಾಲೂರಿನೋರಿಗೆ ಅಷ್ಟು ಕೊಟ್ಟು ನಮ್ಮೋರಿಗೆ ಯಾಕೆ ಇಷ್ಟೇ ಇಷ್ಟು?"

ನಮ್ಮೋರು ಎಂದರು. ಅವತ್ತಿನವರೆಗೆ ಅವರ ಬಾಯಲ್ಲಿ "ನಿನ್ನ ಒದಿಯೋರು" ಎಂದೇ ಇತ್ತು.

"ಕೂಗ್ಲಿಲ್ಲ ಅಂತ ಅತ್ತೆ."

"ಅದ್ಯಾಕೆ ಕೂಗ್ಲಿಲ್ಲ?"

ನಾನು ಸುಮ್ಮನೆ ಅವರ ಮುಖ ನೋಡಿದೆ. ಅಂಗನವಾಡಿ ಟೀಚರ್ ನೋಡಿದರು, ಸೆಕ್ರೆಟರಿ ನೋಡಿದರು, ಕಾಲೇಜು ಹುಡುಗಿಯೂ ನೋಡಿದಳು. ಅತ್ತೆ ಸೆರಗು ಸರಿಮಾಡಿಕೊಂಡು ಹೋಗಿ ತಮ್ಮ ಜಾಗದಲ್ಲಿ ಕೂತರು.

ಎರಡನೆಯ ಸುತ್ತು. ಮೂವರೂ ಶುರು ಮಾಡಿದರು. ಮೊದಲ ಕೂಗಿನ ಜಾಗ ಬಂತು. ಬಾಯಿ ತೆರೆಯಿತು. ಗಂಟಲಿಗೆ ಬಿದ್ದ ಅಭ್ಯಾಸ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮತ್ತೆ ಸದ್ದಿಲ್ಲ. ನಾನು ತಲೆ ತಗ್ಗಿಸಿದೆ.

ಆಗ ಹಿಂದಿನಿಂದ ಬಂತು ನೋಡಿ ಒಂದು ಕೂಗು! ಅತ್ತೆಗೆ ಆವೇಶ ಬಂದರೆ ಕನ್ನಡ ಸಾಲುವುದಿಲ್ಲ, ತೆಲುಗಿಗೆ ಹೋಗುತ್ತಾರೆ. ಕುರ್ಚಿಯ ಮೇಲೆ ಹತ್ತಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅರವಂಡೇ! ಇಕ್ಕಡ ಪುರುಗುಲು ಲೇವು! ಕೂಗ್ರೇ! ಇಲ್ಲಿ ಹುಳ ಇಲ್ಲ ಕಣ್ರೇ!" ಎಂದು ಕೂಗತೊಡಗಿದರು. ಕೂಗಿದರು, ಮತ್ತೆ ಕೂಗಿದರು, ನಿಲ್ಲಿಸಲೇ ಇಲ್ಲ. ಸಂಘಟಕರೊಬ್ಬರು ಓಡಿಬಂದು, "ಅಮ್ಮಾ, ಹೊರಗಿನವ್ರು ಹೀಗೆ ಕೂಗೋ ಹಾಗಿಲ್ಲ. ಯಾರು ನೀವು, ಕೋಚಾ?" ಎಂದರು.

"ನಾನ್ಯಾಕೆ ಹೊರಗಿನೋಳು? ಹಜಾರದ ಓನರ್ರು ಕಣಯ್ಯಾ!"

ಎರಡನೆಯ ಕೂಗಿನ ಜಾಗ ಬಂದೇಬಿಟ್ಟಿತು. ಮೂವರೂ ಬಾಯಿ ತೆರೆದರು. ಇಷ್ಟು ದಿನ ಆ ಹಜಾರದಲ್ಲಿ ನುಂಗಿಕೊಂಡಿದ್ದ ಕೂಗೆಲ್ಲ ಒಟ್ಟಿಗೆ ಹೊರಗೆ ಬಂತು. ಬರೀ ಹಜಾರದ್ದಲ್ಲ, ಮನೆಯಲ್ಲಿ, ಡೈರಿಯಲ್ಲಿ, ಅಂಗನವಾಡಿಯಲ್ಲಿ ನುಂಗಿಕೊಂಡಿದ್ದೂ ಬಂತು ಅಂತ ಕಾಣುತ್ತದೆ. ಚಾವಣಿಯಲ್ಲಿದ್ದ ಪಾರಿವಾಳಗಳು ಪಟಪಟ ಹಾರಿದವು. ಒಬ್ಬ ತೀರ್ಪುಗಾರರು ಕುರ್ಚಿ ಸಮೇತ ಹಿಂದಕ್ಕೆ ಜರುಗಿದರು. ಯಾವುದೋ ಮಗು ಅಳಲು ಶುರು ಮಾಡಿತು. ನಾನೂ ಅಳುತ್ತಿದ್ದೆ.

ನಮಗೆ ಮೂರನೆಯ ಬಹುಮಾನ ಬಂತು. ಅಂಗೈಯಗಲದ ಒಂದು ಕಪ್ಪು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಆ ಕಪ್ಪನ್ನು ಯಾರಿಗೂ ಕೊಡದೆ ಮಡಿಲಲ್ಲಿ ಇಟ್ಟುಕೊಂಡು ಕೂತರು. ನಾನು ಪಕ್ಕದಲ್ಲಿ, ಮೂವರು ಹಿಂದಿನ ಸೀಟಿನಲ್ಲಿ. ಕೇಳಲೋ ಬೇಡವೋ ಎಂದು ಬಹಳ ಹೊತ್ತು ಒದ್ದಾಡಿ, ಕೊನೆಗೆ ಕೇಳಿಯೇಬಿಟ್ಟೆ. "ಅತ್ತೆ, ನಾಳೆ ಸೋಮವಾರ. ಹಜಾರ..."

ಅತ್ತೆ ನನ್ನ ಕಡೆ ತಿರುಗಿ ಬಾಯಿ ತೆರೆದರು. ಸದ್ದು ಬರಲಿಲ್ಲ. ಕೂಗಿ ಕೂಗಿ ಅವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬರೀ ತುಟಿ ಆಡಿಸುತ್ತಾ, ಕೈ ಬೀಸುತ್ತಾ, ಕಣ್ಣು ಅರಳಿಸುತ್ತಾ ಉದ್ದಕ್ಕೆ ಏನೋ ಹೇಳಿದರು. ನಮಗೆ ಒಂದಕ್ಷರ ತಪ್ಪದೆ ಅರ್ಥವಾಯಿತು.

"ವೆಲ್ಡಿಂಗಿನವ್ನಿಗೆ ಬರ್ಬೇಡ ಅಂತ ಹೇಳು. ಹಜಾರ ನೀವೇ ಇಟ್ಕೊಳ್ರಿ. ಆದ್ರೆ ಇವತ್ತು ಕೂಗಿದಂಗೆ ಅಲ್ಲೇನಾದ್ರೂ ಕೂಗಿದ್ರೋ, ಕಾಲು ಮುರೀತೀನಿ."

ಸಂತೋಷಕ್ಕೆ ನಾವು ನಾಲ್ವರೂ ಒಟ್ಟಿಗೆ ಉತ್ತರ ಕೊಟ್ಟೆವು. ಅಭ್ಯಾಸಬಲ, ನಮ್ಮ ಬಾಯಿಂದಲೂ ಸದ್ದು ಹೊರಡಲಿಲ್ಲ. "ಇಲ್ಲ, ಕೂಗಲ್ಲ, ಖಂಡಿತ ಕೂಗಲ್ಲ" ಎಂದು ನಾಲ್ಕು ಬಾಯಿಗಳು ಅಗಲವಾಗಿ ತೆರೆದು ಮುಚ್ಚಿದವು.

ಟಿಕೆಟ್ ಕೊಡಲು ಬಂದು ನಿಂತಿದ್ದ ಕಂಡಕ್ಟರ್ ಒಮ್ಮೆ ಅತ್ತೆಯ ಮುಖ ನೋಡಿದ, ಒಮ್ಮೆ ನಮ್ಮ ಮುಖ ನೋಡಿದ. ಆಮೇಲೆ ಮೆಲ್ಲಗೆ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಳ್ಳತೊಡಗಿದ.